ಕವಿ, ಬಡಗಿ, ನೆಕ್ಕರ್ ನದಿ: ಐದು ದಿನದ ತಿರುಗಾಟ

ಅಕ್ಕನ ಮನೆ ಜರ್ಮನಿಯ ಎಸ್ಲಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್ ಪಕ್ಕದ ಊರು. ಮಂಗಳೂರಿನಿಂದ ಹೊರಡುವಾಗಲೇ ಅವಳಿಗೆ ಹೇಳಿದ್ದೆ, ನನಗೆ ಕಾರ್ ಮ್ಯೂಸಿಯಂ ಬೇಡ, ಅರಮನೆ ಬೇಡ, ಐದು ದಿನ ನನ್ನಷ್ಟಕ್ಕೆ ಬಿಟ್ಟುಬಿಡಿ ಅಂತ.

"ಎಂತ ಮಾಡ್ತಿ ಮಾರಾಯಾ ಐದು ದಿನ?" ಅಂದಳು.

"ಒಬ್ಬ ಕವಿಯ ಊರುಗಳನ್ನು ನೋಡ್ಲಿಕ್ಕುಂಟು."

ಭಾವ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ಬದುಕಿದ್ದಾರಾ?"

ಇಲ್ಲ. ಫ್ರೀಡ್ರಿಶ್ ಹೋಲ್ಡರ್ಲಿನ್ ಹುಟ್ಟಿದ್ದು 1770ರಲ್ಲಿ, ತೀರಿಕೊಂಡದ್ದು 1843ರಲ್ಲಿ. 73 ವರ್ಷದ ಬದುಕನ್ನು ಯಾರೋ ನಡುವೆ ಕತ್ತಿಯಿಂದ ಕಡಿದ ಹಾಗಿದೆ. ಮೊದಲ 36 ವರ್ಷ ಓದು, ಅಲೆದಾಟ, ಪ್ರೇಮ, ಕವಿತೆ. ಕೊನೆಯ 36 ವರ್ಷ 'ಹುಚ್ಚ' ಅನ್ನಿಸಿಕೊಂಡು ನದಿ ದಂಡೆಯ ಒಂದು ಕೋಣೆಯಲ್ಲಿ ವಾಸ. ಆ ಬಿರುಕು ಬೀಳುವ ಸ್ವಲ್ಪ ಮೊದಲು ಬರೆದ 14 ಸಾಲಿನ ಒಂದು ಪದ್ಯವಿದೆ. ಹೆಸರೇ 'ಬದುಕಿನ ಅರ್ಧ'. ಅದನ್ನು ಕನ್ನಡಕ್ಕೆ ತರಲು ನಾನು ವರ್ಷಗಳಿಂದ ಒದ್ದಾಡುತ್ತಿದ್ದೇನೆ. ಎರಡು ಪದಗಳಲ್ಲಿ ಗಾಡಿ ನಿಂತುಬಿಟ್ಟಿದೆ. ಆ ಹಾಳೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡೇ ಹೊರಟೆ.

ಭಾವ 58 ಯೂರೋದ (2025ರ ದರ) ತಿಂಗಳ ಟಿಕೆಟ್ ಮಾಡಿಸಿಕೊಟ್ಟರು. ದೇಶವಿಡೀ ಲೋಕಲ್ ರೈಲು, ಬಸ್ಸಿಗೆಲ್ಲ ಅದೊಂದೇ ಸಾಕು. "10ನೇ ತಾರೀಕಿನೊಳಗೆ ಕ್ಯಾನ್ಸಲ್ ಮಾಡ್ಬೇಕು, ಇಲ್ಲದಿದ್ರೆ ಬರುವ ತಿಂಗಳದ್ದೂ ಕಟ್ ಆಗ್ತದೆ" ಅಂತ ಮೂರು ಸಲ ಹೇಳಿದರು.

ಮೊದಲ ದಿನ, ಬುಧವಾರ: ಲೌಫನ್

ಸ್ಟುಟ್‌ಗಾರ್ಟ್‌ನಿಂದ ಉತ್ತರಕ್ಕೆ, ಹೈಲ್‌ಬ್ರೊನ್ ದಾರಿಯಲ್ಲಿ ಲೌಫನ್. ಸೆಪ್ಟೆಂಬರ್ ಕೊನೆ. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ ದ್ರಾಕ್ಷಿ ಬೆಳೆದಿದ್ದಾರೆ. ನಮ್ಮ ಗುಡ್ಡದ ಅಡಿಕೆ ತೋಟಗಳಂತೆಯೇ ಮೆಟ್ಟಿಲು ಮೆಟ್ಟಿಲು. ಕೊಯ್ಲು ನಡೆದಿತ್ತು. ನದಿಯ ನಡುವೆ ಒಂದು ದ್ವೀಪ, ಅದರ ಮೇಲೆ ಹಳೆಯ ಕೋಟೆ. ಈಗ ಅದು ಊರಿನ ಪುರಸಭೆ. ಆಚೆ ದಡದ ಬಂಡೆಯ ಮೇಲೆ ಚರ್ಚು.

ಹೋಲ್ಡರ್ಲಿನ್‌ನ ಅಪ್ಪ ಇಲ್ಲಿನ ಹಳೆ ಮಠದ ಆಸ್ತಿ ನೋಡಿಕೊಳ್ಳುವ ಅಧಿಕಾರಿ. ಮಗನಿಗೆ ಎರಡು ವರ್ಷವಾಗುವಾಗ ಹೋಗಿಬಿಟ್ಟರು. ಕುಟುಂಬದ ಮನೆಯನ್ನು ಈಗ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ನಾನು ಹೊರಗಿನಿಂದ ನೋಡಿ, ಎದುರಿನ ಬೇಕರಿಯಲ್ಲಿ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ತಿಂದು, ಮತ್ತೆ ನದಿಗೇ ಬಂದೆ. ಊರಿನ ಒಂದು ರಸ್ತೆ ವೃತ್ತದ ಮಧ್ಯೆ ಕವಿಯ ಹೆಸರಿನ ದೊಡ್ಡದೊಂದು ತಮಾಷೆಯ ಶಿಲ್ಪ ಇದೆ. ಸುತ್ತಲೂ ಲಾರಿಗಳು. ಫೋಟೋ ತೆಗೆಯಲು ಹೋದರೆ ಜೀವಕ್ಕೇ ಸಂಚಕಾರ.

ಲೌಫನ್ ಹೆಸರನ್ನು ನಮ್ಮ ಎಲೆಕ್ಟ್ರಿಕಲ್ ಎಂಜಿನಿಯರುಗಳು ಬೇರೆ ಕಾರಣಕ್ಕೆ ಕೇಳಿರುತ್ತಾರೆ. 1891ರಲ್ಲಿ ಇಲ್ಲಿನ ನೀರಿನಿಂದ ಮಾಡಿದ ಕರೆಂಟನ್ನು 175 ಕಿಲೋಮೀಟರ್ ತಂತಿ ಎಳೆದು ಫ್ರಾಂಕ್‌ಫರ್ಟ್‌ನ ಪ್ರದರ್ಶನಕ್ಕೆ ಕಳಿಸಿದರು. ಮೂರು ಫೇಸ್ ಕರೆಂಟ್ ಅಷ್ಟು ದೂರ ಹೋದದ್ದು ಅದೇ ಮೊದಲು. 11 ವರ್ಷ ಬಿಟ್ಟು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಬಂತು. ಹೋಲ್ಡರ್ಲಿನ್ ಕೂಡ ಲೌಫನ್‌ನಲ್ಲಿ ಹುಟ್ಟಿ ಫ್ರಾಂಕ್‌ಫರ್ಟ್ ಸೇರಿದವನೇ. ಅಲ್ಲಿ 1796ರಿಂದ ಗೊಂಟಾರ್ಡ್ ಎಂಬ ಬ್ಯಾಂಕರ್‌ನ ಮನೆಯಲ್ಲಿ ಮಗನಿಗೆ ಪಾಠ ಹೇಳುವ ಕೆಲಸ. ಮನೆಯೊಡತಿ ಸುಸೆಟೆ ಮೇಲೆ ಪ್ರೀತಿಯಾಯಿತು, ಅವಳಿಗೂ. ಅವನು ಬರೆದ 'ಹೈಪೀರಿಯನ್' ಕಾದಂಬರಿಯ ನಾಯಕಿ ದಿಯೋತಿಮಾ ಅವಳೇ. 1798ರಲ್ಲಿ ಆ ಮನೆ ಬಿಡಬೇಕಾಯಿತು.

ಸ್ಟೇಷನ್ನಿಗೆ ಮರಳುವಾಗ ರಸ್ತೆ ಬದಿಯ ಬೋರ್ಡಿನಲ್ಲಿ 'ಬ್ರಾಕನ್‌ಹೈಮ್' ಅಂತ ಓದಿ ಕಾಲು ನಿಂತಿತು. ಇಲ್ಲಿಂದ 10 ಕಿಲೋಮೀಟರೂ ಇಲ್ಲ. ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ ಊರು ಅದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮಾಡಿದ ಅದೇ ಮೋಗ್ಲಿಂಗ್. ಅವರ ಮಿಷನ್ ಇದ್ದ ಮಂಗಳೂರಿನ ಬಲ್ಮಠದ ರಸ್ತೆಯಲ್ಲಿ ಸಾವಿರ ಸಲ ಓಡಾಡಿದವನು ನಾನು. ಅವರ ಊರು ಈ ಕವಿಯ ಊರಿನ ಪಕ್ಕದ್ದೇ ಅಂತ ಗೊತ್ತಿರಲಿಲ್ಲ. ರಾತ್ರಿ ಇನ್ನಷ್ಟು ಹುಡುಕಿದೆ. ಅವರು 1881ರಲ್ಲಿ ಪ್ರಾಣ ಬಿಟ್ಟದ್ದು ಎಸ್ಲಿಂಗನ್‌ನಲ್ಲಿ. ಅಕ್ಕ ಒಂಬತ್ತು ವರ್ಷದಿಂದ ತರಕಾರಿ ತರುವ ಊರಲ್ಲಿ! "ಹೌದಾ?" ಅಂದಳು, ಒಗ್ಗರಣೆ ಸೌಟು ಕೈಯಲ್ಲೇ ಇತ್ತು.

ಎರಡನೆಯ ದಿನ, ಗುರುವಾರ: ನ್ಯೂರ್ಟಿಂಗನ್

ಈ ದಿನದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಸ್ಲಿಂಗನ್‌ನಿಂದ ಹತ್ತಿರದ ಊರು. ಎತ್ತರದಲ್ಲಿ ಚರ್ಚು, ಕೆಳಗೆ ನೆಕ್ಕರ್. ಹೋಲ್ಡರ್ಲಿನ್‌ನ ಅಮ್ಮ ಮರುಮದುವೆಯಾಗಿ ಬಂದ ಊರಿದು. ಹೊಸ ಅಪ್ಪ ಊರಿನ ಮೇಯರ್, ಹುಡುಗನಿಗೆ ಅವರ ಮೇಲೆ ಪ್ರೀತಿ. ಅವರೂ 1779ರಲ್ಲಿ ತೀರಿಕೊಂಡರು. ಒಂಬತ್ತು ವರ್ಷದೊಳಗೆ ಇಬ್ಬರು ಅಪ್ಪಂದಿರು. ಆಮೇಲೆ ಅಮ್ಮನಿಗೆ ಒಂದೇ ಹಟ, ಮಗ ಪಾದ್ರಿ ಆಗಬೇಕು. ಮಗನಿಗೆ ಅದು ಬೇಡ. ಬೇಡ ಅಂತ ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಮೇಷ್ಟ್ರಾಗಿ ಹೋಗುತ್ತಾ ತಪ್ಪಿಸಿಕೊಂಡ. ಎಂಜಿನಿಯರಿಂಗ್ ಮುಗಿಸಿ ನಾಟಕ ಮಾಡುವ ನಮ್ಮ ಹುಡುಗರು ನೆನಪಾದರು.

ನದಿ ಕಟ್ಟೆಯಲ್ಲಿ ಕೂತು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಬುತ್ತಿ ಬಿಚ್ಚಿದೆ. 1801ರ ಡಿಸೆಂಬರಿನಲ್ಲಿ ಅವನು ಇಲ್ಲಿಂದಲೇ ಫ್ರಾನ್ಸಿನ ಬೋರ್ಡೋಗೆ ಹೊರಟ. ಅಲ್ಲೂ ಮೇಷ್ಟರ ಕೆಲಸ, ಒಬ್ಬ ಕಾನ್ಸಲ್‌ನ ಮನೆಯಲ್ಲಿ. ದಾರಿಯ ಬಹುಪಾಲು ನಡೆದೇ ಸವೆಸಿದ, ಅದೂ ನಡುಚಳಿಯಲ್ಲಿ, ಹಿಮ ಬಿದ್ದ ಬೆಟ್ಟ ಹತ್ತಿ. ರಾತ್ರಿ ತಲೆಯ ಹತ್ತಿರ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಮಲಗಿದ್ದೆ ಅಂತ ಅಮ್ಮನಿಗೆ ಬರೆದಿದ್ದಾನೆ. ಆ ತಾಯಿ ಓದಿ ಹೇಗೆ ನಿದ್ದೆ ಮಾಡಿದಳೋ. ಜನವರಿ ಕೊನೆಗೆ ಬೋರ್ಡೋ ಮುಟ್ಟಿದ. ಮೇನಲ್ಲಿ ಕೆಲಸ ಬಿಟ್ಟು ಮತ್ತೆ ಹೊರಟ. ಬೇಸಿಗೆಯಲ್ಲಿ ಸ್ಟುಟ್‌ಗಾರ್ಟ್‌ನ ಗೆಳೆಯರ ಬಾಗಿಲಲ್ಲಿ ನಿಂತಾಗ ಯಾರಿಗೂ ಗುರುತೇ ಹತ್ತಲಿಲ್ಲ. ಗಡ್ಡ, ಹರಿದ ಬಟ್ಟೆ, ಗುಳಿಬಿದ್ದ ಕಣ್ಣು. ಆ ಜೂನ್ ತಿಂಗಳಲ್ಲೇ ಅತ್ತ ಸುಸೆಟೆ ತೀರಿಕೊಂಡಿದ್ದಳು.

ಪದ್ಯದ ಒಂದು ಗಂಟು ಈ ಸಂಜೆ ಬಿಚ್ಚಿತು, ಅದೂ ಅಡಿಗೆಮನೆಯಲ್ಲಿ. ಪದ್ಯ ಹೀಗೆ ಸಾಗುತ್ತದೆ: ಹಳದಿ ಪೇರ್ ಹಣ್ಣು, ಕಾಡುಗುಲಾಬಿ ತುಂಬಿದ ನೆಲ ಕೆರೆಯೊಳಕ್ಕೆ ಬಾಗಿದೆ. ಮುತ್ತಿಕ್ಕಿ ಅಮಲೇರಿದ ಹಂಸಗಳು ತಲೆಯನ್ನು ನೀರಿಗೆ ಅದ್ದುತ್ತವೆ. ಎಂಥ ನೀರು? 'ಹೈಲಿಗ್‌ನ್ಯೂಶ್ಟರ್ನ್'. ಎರಡು ಪದ ಬೆಸೆದು ಕವಿಯೇ ಮಾಡಿಕೊಂಡ ಪದ. ಹೈಲಿಗ್ ಅಂದರೆ ಪವಿತ್ರ, ಸರಿ. ನ್ಯೂಶ್ಟರ್ನ್ ಅಂದರೆ ನಿಘಂಟಿನಲ್ಲಿ 'ಅಮಲಿಲ್ಲದ'. 'ಪವಿತ್ರವೂ ಅಮಲಿಲ್ಲದ್ದೂ ಆದ ನೀರು' ಅಂತ ಬರೆದರೆ ಪಾನನಿರೋಧ ಇಲಾಖೆಯ ಜಾಹೀರಾತಿನ ಹಾಗೆ ಕೇಳುತ್ತದೆ.

ಅಕ್ಕನಿಗೆ ಪದ ತೋರಿಸಿದೆ. ಅವಳು ಕವಿತೆ ಓದುವವಳಲ್ಲ. "ಅಯ್ಯೋ, ನ್ಯೂಶ್ಟರ್ನ್ ಗೊತ್ತಿಲ್ವಾ? ರಕ್ತ ಪರೀಕ್ಷೆಗೆ ಹೋಗುವಾಗ ಡಾಕ್ಟರು ಹೇಳ್ತಾರಲ್ಲ, ನ್ಯೂಶ್ಟರ್ನ್ ಬನ್ನಿ ಅಂತ. ಬರಿಹೊಟ್ಟೆ."

ಬರಿಹೊಟ್ಟೆ! ಬೆಳಿಗ್ಗೆ ಎದ್ದು, ಏನೂ ಮುಟ್ಟದೆ, ಬಾವಿಕಟ್ಟೆಯಲ್ಲಿ ಒದ್ದೆ ಸೀರೆಯಲ್ಲಿ ಕೊಡ ತುಂಬಿಸುವ ಅಜ್ಜಿ ಕಣ್ಣೆದುರು ಬಂದರು. ಹಾಳೆಯಲ್ಲಿ ಬರೆದೆ: ಮಡಿನೀರು. ಮಡಿ ಅಂದ ಕೂಡಲೇ ಮುಟ್ಟಬೇಡ ಅನ್ನುವ ಕೆಟ್ಟ ನೆನಪೂ ಬರುತ್ತದೆ ಅಂತ ಗೊತ್ತಿದೆ. ಆದರೂ ಆ ತಣ್ಣನೆ ಇನ್ನೊಂದು ಪದದಲ್ಲಿ ಸಿಕ್ಕಲಿಲ್ಲ. ಇರಲಿ ಅಂತ ಬಿಟ್ಟೆ.

ಮೂರನೆಯ ದಿನ, ಶುಕ್ರವಾರ: ಮೌಲ್‌ಬ್ರೊನ್

ಮಳೆ. ನಕ್ಷೆ ಸರಿಯಾಗಿ ನೋಡದೆ 'ಮೌಲ್‌ಬ್ರೊನ್ ಪಶ್ಚಿಮ' ಅನ್ನುವ ಸ್ಟೇಷನ್ನಿನಲ್ಲಿ ಇಳಿದೆ. ಮಠಕ್ಕೆ ಅಲ್ಲಿಂದ ಮೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಬಸ್ಸು ಆಗಷ್ಟೇ ಹೋಗಿತ್ತು. ಕೊಡೆ ಅಕ್ಕನ ಮನೆಯ ಬಾಗಿಲ ಹಿಂದೆ ಬೆಚ್ಚಗೆ ನೇತಾಡುತ್ತಿತ್ತು. ಬೋರ್ಡೋಗೆ ನಡೆದವನ ಜಾಡು ಹಿಡಿದವನು ಇಷ್ಟಕ್ಕೆ ದೂರಿದರೆ ಮರ್ಯಾದೆಯಲ್ಲ ಅಂತ ನಡೆದೆ.

ಬಾಗಿಲು ದಾಟಿದರೆ ಕಾಲವೇ ಬೇರೆ. 1147ರಲ್ಲಿ ಶುರುವಾದ ಸನ್ಯಾಸಿಗಳ ಮಠ, ಗೋಡೆಯೊಳಗೆ ಇಡೀ ಒಂದು ಊರು. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಸನ್ಯಾಸಿಗಳು ಹೋದಮೇಲೆ ಇಲ್ಲಿ ಪಾದ್ರಿಗಳಾಗುವ ಹುಡುಗರ ವಸತಿಶಾಲೆ ಬಂತು, ಶಾಲೆ ಈಗಲೂ ಇದೆ. ಗ್ರಹಗಳ ದಾರಿ ಕಂಡುಹಿಡಿದ ಕೆಪ್ಲರ್ ಇಲ್ಲಿ ಓದಿದವನು. ಹೋಲ್ಡರ್ಲಿನ್ 1786ರಿಂದ ಎರಡು ವರ್ಷ ಇದ್ದ. ಒಳಗಿನ ಚೌಕದ ಒಂದು ಬದಿಗೆ ಕಾರಂಜಿಯ ಮಂಟಪವಿದೆ. ಒಂದರ ಮೇಲೊಂದು ಮೂರು ಬೋಗುಣಿ. ಮೇಲಿನದು ತುಂಬಿ ನಡುವಿನದಕ್ಕೆ, ಅದು ತುಂಬಿ ಕೆಳಗಿನದಕ್ಕೆ. ಒದ್ದೆ ಶೂ ಕಳಚಿ, ಕಂಬಕ್ಕೆ ಒರಗಿ, ಆ ನೀರಿನ ಸದ್ದು ಕೇಳುತ್ತಾ ಅರ್ಧ ಗಂಟೆ ಕೂತೆ.

ಇಲ್ಲಿಂದ ಓಡಿಹೋದವನ ಕಥೆ ಜನಕ್ಕೆ ಹೆಚ್ಚು ಗೊತ್ತು. 1892ರಲ್ಲಿ ಹದಿನಾಲ್ಕರ ಹರ್ಮನ್ ಹೆಸ್ಸೆ ಮಠದಿಂದ ತಪ್ಪಿಸಿಕೊಂಡ. ಮುಂದೆ 1946ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆ ಬಾಸೆಲ್ ಮಿಷನ್ನಿನ ಕೆಲಸದಲ್ಲಿ ಕೆಲವು ವರ್ಷ ಮಂಗಳೂರಿನಲ್ಲಿದ್ದವರು. ತಾಯಿಯ ತಂದೆ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟು ಮಾಡಿದವರು. ಅಂದರೆ ಈ ಕಣಿವೆಯಲ್ಲಿ ಎಲ್ಲಿ ಕಾಲಿಟ್ಟರೂ ನಮ್ಮ ಕರಾವಳಿಯ ಒಂದು ಬೇರು ತೊಡರುತ್ತದೆ. ಬರುವಾಗ ಬಸ್ಸು ಸಿಕ್ಕಿತು, ದೇವರ ದಯೆ.

ನಾಲ್ಕನೆಯ ದಿನ, ಶನಿವಾರ: ಟ್ಯೂಬಿಂಗನ್

ನಿಜ ಹೇಳಬೇಕೆಂದರೆ ಹಿಂದಿನ ಮೂರು ದಿನವೂ ಇದಕ್ಕಾಗಿ ಕಾದದ್ದು.

ಸೇತುವೆಯ ಮೇಲೆ ನಿಂತರೆ ಕ್ಯಾಲೆಂಡರ್ ಚಿತ್ರ. ನೀರಿಗೆ ತಾಗಿಕೊಂಡು ಮನೆಗಳ ಸಾಲು. ಕೊನೆಗೆ ಹಳದಿ ಬಣ್ಣದ ದುಂಡನೆ ಗೋಪುರ, ಮೊನಚು ಟೋಪಿ, ಎದುರು ನೀರಿಗೆ ಬಾಗಿದ ಮರ. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ಒಂದು ಮಾತು: ಆ ಮನೆ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಕವಿ ಇದ್ದ ಗೋಪುರ ಇದಲ್ಲ. ಕಿಟಕಿಯಿಂದ ಕಾಣುವ ನದಿ ಮಾತ್ರ ಅದೇ.

ಮೊದಲು 'ಸ್ಟಿಫ್ಟ್'ಗೆ ಹೋದೆ. ಗೋಪುರದಿಂದ ಕೆಲವೇ ನಿಮಿಷದ ನಡಿಗೆ. ದೇವವಿದ್ಯೆ ಓದುವವರ ಹಾಸ್ಟೆಲ್. 1788ರಲ್ಲಿ ಹೋಲ್ಡರ್ಲಿನ್ ಇಲ್ಲಿಗೆ ಬಂದ. ಜೊತೆಗೆ ಹೆಗೆಲ್. ಎರಡು ವರ್ಷ ಬಿಟ್ಟು ಹದಿನೈದರ ಹುಡುಗ ಷೆಲ್ಲಿಂಗ್. ಮುಂದೆ ಜರ್ಮನ್ ತತ್ವಶಾಸ್ತ್ರವನ್ನೇ ಬುಡಮೇಲು ಮಾಡಿದ ಇಬ್ಬರು, ಒಬ್ಬ ಕವಿ, ಮೂವರೂ ರೂಮ್‌ಮೇಟುಗಳು. ಆಚೆ ಫ್ರಾನ್ಸಿನಲ್ಲಿ ಕ್ರಾಂತಿ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಮಾತು ಎಷ್ಟು ಹೊತ್ತು ನಡೆದಿರಬಹುದು!

ಇದೇ ಬಾಗಿಲಲ್ಲಿ 1830ರ ಆಸುಪಾಸಿಗೆ ಓಡಾಡಿದವರು ಮೋಗ್ಲಿಂಗ್ ಮತ್ತು ಗುಂಡರ್ಟ್. ಅವರು ಇಲ್ಲಿ ಪರೀಕ್ಷೆ ಬರೆಯುತ್ತಿದ್ದಾಗ ಕೆಳಗಿನ ಗೋಪುರದಲ್ಲಿ ಹೋಲ್ಡರ್ಲಿನ್ ಇನ್ನೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಹೆಜ್ಜೆ ಹಾಕುತ್ತಿದ್ದ. 1843ರ ಜೂನ್ 7ರಂದು ಕವಿ ತೀರಿಕೊಂಡ. 24 ದಿನ ಬಿಟ್ಟು, ಜುಲೈ 1ರಂದು, 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಬಂತು. ಒಂದಕ್ಕೊಂದು ಸಂಬಂಧವಿಲ್ಲ, ಗೊತ್ತು. ಆದರೂ ಸ್ಟಿಫ್ಟ್ ಮೆಟ್ಟಿಲ ಮೇಲೆ ಬೆರಳು ಮಡಚಿ ದಿನ ಎಣಿಸಿದೆ. ಹಾಗೆ ನೋಡಿದರೆ ಕಿಟೆಲ್ ಕೂಡ ಇಲ್ಲಿಯವರೇ ಆದರು. 1894ರ ಅವರ ನಿಘಂಟಿಗೆ ಇಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಇದೇ ಊರಲ್ಲಿ ಕಣ್ಣುಮುಚ್ಚಿದರು.

ಸ್ಟಿಫ್ಟ್ ಮತ್ತು ಗೋಪುರದ ನಡುವೆ ದೊಡ್ಡದೊಂದು ಕಟ್ಟಡ, ಬುರ್ಸೆ. ಆಗ ಅದು ಆಸ್ಪತ್ರೆ. 1806ರ ಸೆಪ್ಟೆಂಬರಿನಲ್ಲಿ ಹೋಲ್ಡರ್ಲಿನ್‌ನನ್ನು ಬಲವಂತವಾಗಿ ಗಾಡಿಗೆ ಹತ್ತಿಸಿ ಫ್ರಾಂಕ್‌ಫರ್ಟ್ ಪಕ್ಕದ ಹೊಂಬುರ್ಗ್‌ನಿಂದ ಇಲ್ಲಿಗೆ ತಂದರು. 231 ದಿನ ಇಟ್ಟುಕೊಂಡರು. ಆಮೇಲೆ ಗುಣವಾಗದ ಕೇಸು, ಹೆಚ್ಚೆಂದರೆ ಇನ್ನು ಮೂರು ವರ್ಷ ಅಂತ ಹೇಳಿ ಕಳಿಸಿದರು.

ಕಳಿಸಿದ್ದು ಎಲ್ಲಿಗೆ? ಅಮ್ಮನ ಮನೆಗಲ್ಲ. ಆಸ್ಪತ್ರೆಯ ಕೆಳಗಿನ ಮನೆಗೆ. ಅಲ್ಲಿ ಎರ್ನ್‌ಸ್ಟ್ ತ್ಸಿಮ್ಮರ್ ಎಂಬ ಬಡಗಿ ಇದ್ದ. ಬೀರು, ಮೇಜು ಮಾಡುವವನು. ಅವನು 'ಹೈಪೀರಿಯನ್' ಓದಿದ್ದ, ಇಷ್ಟಪಟ್ಟಿದ್ದ. ಬರೆದವನು ಪಕ್ಕದ ಆಸ್ಪತ್ರೆಯಲ್ಲಿದ್ದಾನೆ ಅಂತ ನೋಡಲು ಹೋದ, ಮರುಕವಾಯಿತು, ಮನೆಗೆ ಕರೆದುಕೊಂಡು ಬಂದ. 'ತ್ಸಿಮ್ಮರ್' ಅಂದರೆ ಜರ್ಮನ್‌ನಲ್ಲಿ ಕೋಣೆ. ಕವಿಗೆ ಕೋಣೆ ಕೊಟ್ಟವನ ಹೆಸರೇ ಕೋಣೆ. ಕಥೆಗಾರ ಹೀಗೆ ಬರೆದರೆ ನಾವು ನಂಬುತ್ತಿರಲಿಲ್ಲ.

ಖರ್ಚಿಗೆ ತಾಯಿಯ ಕಡೆಯಿಂದ ದುಡ್ಡು ಬರುತ್ತಿತ್ತು, ಸರ್ಕಾರದಿಂದ ವರ್ಷಕ್ಕೆ 150 ಗುಲ್ಡನ್. ಸರಿ. ಆದರೆ ಬೇರೆಯವರ ಮನೆಯ ತಲೆಕೆಟ್ಟ ಮನುಷ್ಯನನ್ನು, ಮಕ್ಕಳಿರುವ ಮನೆಯಲ್ಲಿ, 36 ವರ್ಷ ಇಟ್ಟುಕೊಳ್ಳುವುದು ದುಡ್ಡಿಗೆ ಆಗುವ ಕೆಲಸವಾ? ಗೋಪುರದ ಕೋಣೆಯಲ್ಲಿ ನಿಂತು ನನಗೆ ಕವಿಗಿಂತ ಬಡಗಿಯೇ ಹೆಚ್ಚು ಕಾಡಿದ.

ಕೋಣೆ ಅರ್ಧವೃತ್ತ, ಬೆಳಕು ಜಾಸ್ತಿ. ಈಗ ಮ್ಯೂಸಿಯಂ, 2020ರಲ್ಲಿ ಹೊಸದಾಗಿ ಮಾಡಿದ್ದು. ಬಂದವರನ್ನೆಲ್ಲ ಅವನು 'ಮಹಾಪ್ರಭು', 'ಪೂಜ್ಯರೇ' ಅಂತ ಬಗ್ಗಿ ನಮಸ್ಕರಿಸಿ ಮಾತಾಡಿಸುತ್ತಿದ್ದನಂತೆ. ಹೆಚ್ಚು ಪ್ರಶ್ನೆ ಕೇಳಿದರೆ 'ಪಲ್ಲಾಕ್ಷ್' ಅನ್ನುತ್ತಿದ್ದ. ಅದು ಯಾವ ಭಾಷೆಯ ಪದವೂ ಅಲ್ಲ. ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ. ಪದ್ಯ ಬೇಕು ಅಂದರೆ, ಯಾವುದರ ಮೇಲೆ, ಗ್ರೀಸ್ ಮೇಲಾ, ವಸಂತದ ಮೇಲಾ ಅಂತ ಕೇಳಿ, ನಿಂತಲ್ಲೇ ಬರೆದು ಕೊಡುತ್ತಿದ್ದ. ಎಡಗೈ ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಕೆಳಗೆ ಸಹಿ 'ಸ್ಕಾರ್ದನೆಲ್ಲಿ'. ತಾರೀಕು ಒಮ್ಮೆ 1648, ಒಮ್ಮೆ 1758, ಒಮ್ಮೆ 1940! ಹೋಲ್ಡರ್ಲಿನ್ ಅಂತ ಕರೆದರೆ ಸಿಟ್ಟು. ಇದು ಹುಚ್ಚೇ ಅಲ್ಲ, ನಟನೆ ಅಂತ ವಾದಿಸಿದವರೂ ಇದ್ದಾರೆ. ನನಗೆ ಆ ವಾದ ರುಚಿಸುವುದಿಲ್ಲ. 36 ವರ್ಷ ಯಾರು ನಟಿಸುತ್ತಾರೆ?

ಇಲ್ಲಿ ತಿಳಿದ ಒಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. 1812ರಲ್ಲಿ ತ್ಸಿಮ್ಮರ್ ಕವಿಯ ತಾಯಿಗೆ ಬರೆದ ಪತ್ರದಲ್ಲಿ ಇದೆ. ಬಡಗಿಯ ಹತ್ತಿರ ಒಂದು ಗುಡಿಯ ಚಿತ್ರವಿತ್ತು. ಅದನ್ನು ನೋಡಿ ಹೋಲ್ಡರ್ಲಿನ್, ಇಂಥದ್ದೊಂದು ಮರದಲ್ಲಿ ಮಾಡಿಕೊಡು ಅಂದ. ತ್ಸಿಮ್ಮರ್ ಹೇಳಿದ, ನಾನು ಹೊಟ್ಟೆಪಾಡಿಗೆ ದುಡಿಯಬೇಕಪ್ಪ, ನಿನ್ನ ಹಾಗೆ ತತ್ವ ಹೇಳಿಕೊಂಡು ನೆಮ್ಮದಿಯಾಗಿರುವ ಭಾಗ್ಯ ನನಗಿಲ್ಲ. ಕವಿ ತಟ್ಟನೆ, 'ಅಯ್ಯೋ, ನಾನೂ ಪಾಪದ ಮನುಷ್ಯನೇ' ಅಂದ. ಅದೇ ನಿಮಿಷ ಪೆನ್ಸಿಲ್ ತಗೊಂಡು ಅಲ್ಲೇ ಇದ್ದ ಹಲಗೆಯ ಮೇಲೆ ನಾಲ್ಕು ಸಾಲು ಗೀಚಿದ. ಬದುಕಿನ ಗೆರೆಗಳು ಬೇರೆ ಬೇರೆ, ದಾರಿಗಳ ಹಾಗೆ, ಬೆಟ್ಟಗಳ ಅಂಚಿನ ಹಾಗೆ. ಇಲ್ಲಿ ನಾವು ಏನಾಗಿದ್ದೇವೋ ಅದನ್ನು ಅಲ್ಲಿ ಒಬ್ಬ ದೇವರು ಪೂರ್ತಿ ಮಾಡಿಯಾನು. ಬಡಗಿ ಹೇಳಿದ್ದು ಚುಚ್ಚುಮಾತಲ್ಲ, ಮನೆಯವರಿಗೆ ಹೇಳುವ ಮಾತು. ಕವಿ ಕೊಟ್ಟದ್ದೂ ಮನೆಯವರಿಗೆ ಕೊಡುವ ಉತ್ತರವೇ.

ಐದನೆಯ ದಿನ, ಭಾನುವಾರ: ಮತ್ತೆ ಟ್ಯೂಬಿಂಗನ್

ರಜೆ ಅಂತ ಅಕ್ಕ, ಭಾವ ಇಬ್ಬರೂ ಹೊರಟರು. ಜೋರು ಗಾಳಿ. ಮೊದಲು ಊರ ಸ್ಮಶಾನ. ಹೋಲ್ಡರ್ಲಿನ್ ಸಮಾಧಿಯ ಕಲ್ಲಿನಲ್ಲಿ ಅವನದೇ ಹಳೆಯ ಪದ್ಯದ ಸಾಲು, ಬಿರುಗಾಳಿಯಲ್ಲಿ ತನ್ನ ಸೆರೆಮನೆಯ ಗೋಡೆ ಕುಸಿದು ಬೀಳಲಿ ಅಂತ. ಮಲತಮ್ಮ ಹಾಕಿಸಿದ ಕಲ್ಲು.

"ಕೊನೆಗೆ ಯಾರಿದ್ರು ಅವನ ಹತ್ತಿರ?" ಅಕ್ಕ ಕೇಳಿದಳು.

ಬಡಗಿ 1838ರಲ್ಲೇ ತೀರಿಕೊಂಡಿದ್ದ. ಆಮೇಲೆ ನೋಡಿಕೊಂಡವಳು ಅವನ ಮಗಳು ಲೊಟ್ಟೆ. ಅವಳು ಹುಟ್ಟಿದ್ದೇ ಕವಿ ಆ ಮನೆಗೆ ಬಂದು ಆರು ವರ್ಷವಾದ ಮೇಲೆ. ಅವಳ ಪಾಲಿಗೆ ಅವನು ಮನೆಯ ಹಳೆಯ ಮನುಷ್ಯ. ಕವಿ ತೀರಿಕೊಂಡ ರಾತ್ರಿಯೇ ಕೂತು ಅವಳು ಅವನ ಮಲತಮ್ಮನಿಗೆ ಪತ್ರ ಬರೆದಳು. ಸಂಜೆ ಪಿಯಾನೊ ನುಡಿಸಿದರು, ನಮ್ಮ ಕೋಣೆಯಲ್ಲೇ ಊಟ ಮಾಡಿದರು, ಮಲಗಿದವರಿಗೆ ಸಂಕಟವಾಗಿ ಎದ್ದರು, ಮೆಲ್ಲಗೆ ಹೋಗಿಬಿಟ್ಟರು ಅಂತ. ಅಕ್ಕ ಏನೂ ಹೇಳಲಿಲ್ಲ. ಕಲ್ಲಿನ ಬುಡದಲ್ಲಿ ಬಿದ್ದಿದ್ದ ಒಣ ಎಲೆಗಳನ್ನು ಹೆಕ್ಕಿ ಬದಿಗೆ ಹಾಕಿದಳು.

ಆಮೇಲೆ ದೋಣಿ. ಹಿಂದೆ ನಿಂತವನು ಉದ್ದ ಕೋಲನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. ಗಾಳಿಗೆ ಅವನೂ ಬೆವರಿದ. ಗೋಪುರದ ಕೆಳಗೆ ಹೋದಾಗ ಭಾವ ಅದನ್ನು ನೋಡಲೇ ಇಲ್ಲ, ಕೋಲಿನ ತುದಿಗೆ ಏನು ಕಬ್ಬಿಣ ಹಾಕಿದ್ದಾರೆ ಅಂತ ಬಗ್ಗಿ ನೋಡುತ್ತಿದ್ದರು.

ಸಂಜೆ ಹಳೇ ಊರಿನ ಗಲ್ಲಿ ಹತ್ತುವಾಗ ನನ್ನ ಎರಡನೆಯ ಗಂಟಿನ ಬಗ್ಗೆ ಅವರಿಗೆ ಹೇಳಿದೆ. ಪದ್ಯದ ಎರಡನೆಯ ಭಾಗದಲ್ಲಿ ಚಳಿಗಾಲ. ಹೂ ಎಲ್ಲಿಂದ ತರಲಿ, ಬಿಸಿಲೆಲ್ಲಿ, ನೆರಳೆಲ್ಲಿ? ಗೋಡೆಗಳು ಮಾತಿಲ್ಲದೆ ತಣ್ಣಗೆ ನಿಂತಿವೆ. ಕೊನೆಯ ಮಾತು, ಗಾಳಿಯಲ್ಲಿ 'ಫಾನೆನ್' ಸದ್ದು ಮಾಡುತ್ತವೆ. ಫಾನೆ ಅಂದರೆ ಬಾವುಟ. ಆದರೆ ಅಲ್ಲಿರುವ ಕ್ರಿಯಾಪದ ಗಾಜು, ಲೋಹ ತಾಗಿದಾಗಿನದು. ಬಟ್ಟೆಯ ಬಾವುಟ ಪಟಪಟ ಅನ್ನಬಹುದು, ಕಿಣಿಕಿಣಿ ಅನ್ನುವುದು ಹೇಗೆ?

ಭಾವ ನಿಂತರು. ತಲೆ ಎತ್ತಿ ಒಂದು ಮಾಡಿನ ತುದಿಗೆ ಬೆರಳು ತೋರಿಸಿದರು. ಗಾಳಿಯ ದಿಕ್ಕು ತೋರಿಸುವ ತಗಡು. ಬಾವುಟದ ಆಕಾರಕ್ಕೆ ಕತ್ತರಿಸಿದ್ದು, ನಡುವೆ ಕಬ್ಬಿಣದ ಕಡ್ಡಿ. "ಇದಕ್ಕೂ ಫಾನೆ ಅಂತಾರೆ. ವೆಟ್ಟರ್‌ಫಾನೆ."

ಮೂವರೂ ಸುಮ್ನೆ ನಿಂತು ಕೇಳಿದೆವು. ಗಾಳಿ ತಿರುಗಿದಾಗಲೆಲ್ಲ ತಗಡು ಕಡ್ಡಿಗೆ ಬಡಿದು ಕಿರ್‌ರ್, ಟಿಣ್. ಸ್ವಲ್ಪ ಬಿಟ್ಟು ಮತ್ತೆ, ಕಿರ್‌ರ್, ಟಿಣ್. ನಾನು ಹಾಳೆ ತೆಗೆದು 'ಬಾವುಟ'ದ ಮೇಲೆ ಗೀಟು ಎಳೆದೆ.

"ಬುಡ ಒಣಗಿದೆ" ಅಂದರು ಭಾವ. "ಒಂದು ತೊಟ್ಟು ಎಣ್ಣೆ ಬಿಟ್ರೆ ಸದ್ದು ನಿಲ್ತದೆ."

"ಸುಮ್ನಿರಿ ನೀವು" ಅಂದಳು ಅಕ್ಕ. "ಅವನು ಬರೆದುಕೊಳ್ತಾ ಇದ್ದಾನೆ."